ನಿಮ್ಮವರೊಬ್ಬರನ್ನು ಕರೆತನ್ನಿ

ಫೆಬ್ರವರಿ 9

ಪೀಪಿಗೆ,

ನಿನ್ನ ಕಾಗದ ಬಂದ ದಿನ ಅದನ್ನು ಒಡೆಯಲು ನನಗೆ ಮಧ್ಯಾಹ್ನದವರೆಗೂ ಧೈರ್ಯ ಬರಲಿಲ್ಲ. ಫೋನ್ ಇರುವ ಕಾಲದಲ್ಲಿ ಯಾರಾದರೂ ಕಾಗದ ಬರೆಯುತ್ತಾರೆಂದರೆ ಬಾಯಲ್ಲಿ ಹೇಳಲಾಗದ್ದು ಏನೋ ಆಗಿರಬೇಕು ಅಂದುಕೊಂಡೆ. ಲಕೋಟೆಯನ್ನು ಅಂಗಡಿಯ ಗಾಜಿನ ಹಾಳೆಗಳ ನಡುವೆ ಸಿಕ್ಕಿಸಿಟ್ಟು, ಒಂದು ಕಿಟಕಿಗೆ ಗಾಜು ಕತ್ತರಿಸಿ, ಚಹಾ ಕುಡಿದು, ಆಮೇಲೆ ಒಡೆದೆ. ನೋಡಿದರೆ ಒಳಗೆ ಏನೂ ಇಲ್ಲ. ದಿನವಿಡೀ ಆಫೀಸಿನಲ್ಲಿ ಫೋನ್ ಹಿಡಿದು ಕಿವಿ ಕಾದಿರುತ್ತದೆ, ಭಾನುವಾರವೂ ಅದನ್ನೇ ಹಿಡಿಯಲು ಮನಸ್ಸಿಲ್ಲ, ಇನ್ನು ಮೇಲೆ ಬರೆದುಕೊಳ್ಳೋಣ. ಇಷ್ಟೇ.

ಇಷ್ಟೇ ತಾನೇ? ಕಳೆದ ಸಲ ನಾನು ಗ್ಯಾಸ್ ಕೊಳವೆ ಬದಲಾಯಿಸು ಎಂದು ಮತ್ತೆ ಮತ್ತೆ ಹೇಳಿದೆ, ನೀನು ಬೇಗ ಫೋನ್ ಇಟ್ಟೆ. ಅದಕ್ಕೆ ಸಿಟ್ಟಾ? ಸಿಟ್ಟಿದ್ದರೆ ಬೈದುಬಿಡು, ಬೈದರೆ ನನಗೆ ನಿದ್ದೆ ಬರುತ್ತದೆ.

ಬರೆಯುವುದು ನನಗೆ ಸುಲಭವಲ್ಲ. ಆರನೇ ಕ್ಲಾಸನ್ನು ಎರಡು ಊರಿನಲ್ಲಿ ಅರ್ಧರ್ಧ ಓದಿ ಬಿಟ್ಟವನು. ಒತ್ತಕ್ಷರ ಬಂದ ಕಡೆ ಕೈ ನಿಲ್ಲುತ್ತದೆ. ತಪ್ಪಿದ್ದರೆ ನಗು, ಆದರೆ ನಿನ್ನ ಆಫೀಸಿನವರಿಗೆ ತೋರಿಸಬೇಡ.

ನಿನ್ನೆ ಭಾನುವಾರ. ಅಭ್ಯಾಸಬಲ, ಸಂಜೆಗೆ ಫೋನಿನ ಪಕ್ಕ ಕುರ್ಚಿ ಎಳೆದುಕೊಂಡು ಕೂತೆ. ಅದು ಬಡಿಯುವುದಿಲ್ಲ ಎಂದು ಗೊತ್ತಿದ್ದೂ ಕೂತಿದ್ದೆ, ಅದಕ್ಕೇನು ಹೇಳುವುದು. ಗೋಡೆಯಾಚೆ ಪಕ್ಕದ ಮನೆಯ ಮಗು ಅಳುತ್ತಿತ್ತು. ನೀನು ಅಳುತ್ತಿದ್ದದ್ದು ನೆನಪಾಯಿತು. ಬೀದಿಯ ಕೊನೆಗೆ ಕೇಳುತ್ತಿತ್ತು, ಅದಕ್ಕೇ ಅಪ್ಪ ಪೀಪಿ ಅಂದದ್ದು. ದೊಡ್ಡವಳಾದ ಮೇಲೂ ಫೋನಿನಲ್ಲಿ ನಿನ್ನ ಮಾತನ್ನು ನಾನು ಕಿವಿಯಿಂದ ಒಂದು ಗೇಣು ದೂರ ಹಿಡಿದೇ ಕೇಳುತ್ತಿದ್ದೆ. ಕೊನೆಗೆ "ಇಡ್ತೀನಿ, ಆಯ್ತಾ, ಆಯ್ತಾ" ಎಂದು ಎರಡು ಸಲ ಹೇಳದೆ ನೀನು ಇಟ್ಟದ್ದೇ ಇಲ್ಲ. ಒಂದು ಸಲ ಹೇಳಿದರೆ ನನ್ನ ತಲೆಗೆ ಹೋಗುವುದಿಲ್ಲವೇನೋ ಎಂಬ ಹಾಗೆ.

ಬಸ್ಸು ಪೂರ್ತಿ ನಿಂತ ಮೇಲೆ ಇಳಿ. ಮಲಗುವ ಮುಂಚೆ ಬಾಗಿಲಿಗೆ ಸರಪಳಿ ಹಾಕು. ನೆಲ ಒರೆಸಿದ ಮೇಲೆ ಒಣಗುವವರೆಗೆ ಓಡಾಡಬೇಡ.

ಅಣ್ಣ


ಫೆಬ್ರವರಿ 20

ಅಣ್ಣನಿಗೆ,

ಸಿಟ್ಟೂ ಇಲ್ಲ, ಏನೂ ಇಲ್ಲ. ಕೊಳವೆ ಬದಲಾಯಿಸಿದೆ. ಬಸ್ಸು ನಿಂತ ಮೇಲೇ ಇಳಿಯುತ್ತೇನೆ. ಸರಪಳಿ ಹಾಕುತ್ತೇನೆ. ನೆಲ ಒಣಗಿದೆ. ಇನ್ನು ನನ್ನ ಮಾತು ಕೇಳು.

ನಾನು ಏನು ಕೆಲಸ ಮಾಡುತ್ತೇನೆಂದು ನೀನು ಯಾವತ್ತೂ ಸರಿಯಾಗಿ ಕೇಳಿಸಿಕೊಂಡಿಲ್ಲ. ಅತ್ತಿಗೆ ಹೋದ ಮೇಲೆ ಕ್ಯಾನ್ಸರ್ ಎಂಬ ಮಾತು ಬಂದರೆ ಸಾಕು, ನೀನು ಫೋನನ್ನು ಆ ಕಿವಿಯಿಂದ ಈ ಕಿವಿಗೆ ಬದಲಾಯಿಸುತ್ತೀಯ. ನನಗೆ ಆ ಸದ್ದು ಗೊತ್ತಾಗುತ್ತದೆ. ಕಾಗದದಲ್ಲಿ ಕಿವಿ ಬದಲಾಯಿಸಲು ಆಗುವುದಿಲ್ಲವಲ್ಲ, ಅದಕ್ಕೇ ಬರೆಯುತ್ತೇನೆ.

ಈ ಊರು ದೊಡ್ಡದು. ನಮ್ಮ ಕೇಂದ್ರದ ವ್ಯಾನು ದಿನಕ್ಕೊಂದು ಕಡೆ ನಿಲ್ಲುತ್ತದೆ. ಮಾರುಕಟ್ಟೆ, ಬಸ್ ನಿಲ್ದಾಣ, ಕಾರ್ಖಾನೆಯ ಗೇಟು. ಜನ ಸಾಲಾಗಿ ನಿಂತು ಬಾಯಿ, ಗಂಟಲು, ಎದೆ ತೋರಿಸಿಕೊಳ್ಳುತ್ತಾರೆ. ಅನುಮಾನ ಬಂದವರಿಗೆ ಕೇಂದ್ರಕ್ಕೆ ಬನ್ನಿ ಎಂದು ಚೀಟಿ ಕೊಡುತ್ತಾರೆ. ಹಾಗೆ ಚೀಟಿ ಪಡೆದವರಲ್ಲಿ ಎಷ್ಟೋ ಜನ ಬರುವುದೇ ಇಲ್ಲ. ಆಗಲೇ ಬಂದರೆ ಉಳಿಯುವವರು, ನೋವು ತಡೆಯಲಾಗದೆ ಬರುವ ಹೊತ್ತಿಗೆ ತಡವಾಗಿರುತ್ತದೆ. ಅಂಥವರಿಗೆ ಫೋನ್ ಮಾಡಿ ಕರೆಯುವುದು ನಮ್ಮ ಕೆಲಸ.

ಕಿಟಕಿಯಿಲ್ಲದ ಒಂದು ಕೋಣೆ, ಐದು ಹೆಂಗಸರು, ಐದು ಫೋನು, ನಡುವೆ ಬಿಸಿನೀರಿನ ಫ್ಲಾಸ್ಕು. ಎಲ್ಲರ ಗಂಟಲೂ ಒಡೆದದ್ದೇ. ಹೊಸಬಳ ಗಂಟಲು ಒಡೆದ ದಿನ ಅವಳಿಗೆ ಚಹಾ ಕೊಡಿಸಿ "ಇವತ್ತು ನೀನು ಕೆಲಸಕ್ಕೆ ಸೇರಿದೆ ನೋಡು" ಅನ್ನುತ್ತೇವೆ. ನನ್ನದೂ ಚಳಿಗಾಲದಿಂದ ಸ್ವಲ್ಪ ಹಾಗೇ ಇದೆ, ಬಿಡು.

ಓದಬೇಕಾದ ಮಾತನ್ನು ಬರೆದು ಗೋಡೆಗೆ ಅಂಟಿಸಿದ್ದಾರೆ. ಮೂರು ವಾರ ದಾಟಿದ ಗಂಟಲ ಒಡಕು, ವಾಸಿಯಾಗದ ಬಾಯಿಹುಣ್ಣು, ಹೊಸದಾಗಿ ಕಂಡ ಗಂಟು, ಇವನ್ನು ಕಡೆಗಣಿಸಬೇಡಿ, ಇಂಥ ದಿನ ಬನ್ನಿ. ಕೊನೆಯ ಸಾಲು, ಬರುವಾಗ ನಿಮ್ಮವರೊಬ್ಬರನ್ನು ಕರೆತನ್ನಿ. ಅಣ್ಣಾ, ಅಲ್ಲಿಯವರೆಗೆ ಹೂಂ ಹೂಂ ಎನ್ನುತ್ತಿದ್ದವರು ಆ ಸಾಲು ಬಂದ ಕೂಡಲೇ ಸುಮ್ಮನಾಗುತ್ತಾರೆ. ಆಮೇಲೆ "ನೋಡೋಣ" ಅನ್ನುತ್ತಾರೆ. ನೋಡೋಣ ಎಂದವರು ಬಂದದ್ದನ್ನು ನಾನು ಕಾಣೆ.

ಮೊನ್ನೆ ಒಬ್ಬ ಅಜ್ಜ, ಗಡಿಯಾರ ರಿಪೇರಿ ಮಾಡುವವನು. ನಾಲಿಗೆಯ ಪಕ್ಕ ಬಿಳಿ ಮಚ್ಚೆ. "ನಿಮ್ಮವರು ಅಂದ್ರೆ ಯಾರಮ್ಮ?" ಅಂದ.

"ಮನೆಯೋರು ಯಾರಾದ್ರೂ, ಅಜ್ಜ."

"ಮನೆಯಲ್ಲಿ ನಾನಿದೀನಿ. ಮೂವತ್ತು ಗಡಿಯಾರ ಇದಾವೆ. ಯಾವುದನ್ನ ಕರ್ಕೊಂಡು ಬರ್ಲಿ?"

ಕೋಣೆಯಲ್ಲಿ ಎಲ್ಲರಿಗೂ ಹೇಳಿ ನಗಿಸಿದೆ. ಆದರೆ ಬಸ್ಸಿನಲ್ಲಿ ಮನೆಗೆ ಬರುವಾಗ ಕಿಟಕಿಯಾಚೆ ನೋಡಿದೆ. ಒಂದೊಂದು ಕಟ್ಟಡದಲ್ಲೂ ಎಷ್ಟೊಂದು ದೀಪ, ಒಂದೊಂದು ದೀಪದ ಕೆಳಗೆ ಒಬ್ಬೊಬ್ಬರೇ ಇರಬಹುದು ಅನ್ನಿಸಿತು.

ಪೀಪಿ


ಮಾರ್ಚ್ 2

ಪೀಪಿಗೆ,

ಚಳಿಗಾಲದಿಂದ ಗಂಟಲು ಹಾಗೇ ಇದೆ ಅಂದೆಯಲ್ಲ, ಚಳಿಗಾಲ ಹೋಗಿ ಎಷ್ಟು ದಿನವಾಯಿತು? ಬಿಸಿ ಉಪ್ಪುನೀರಿನಲ್ಲಿ ಬಾಯಿ ಮುಕ್ಕಳಿಸು. ಕತ್ತಿಗೆ ಬಟ್ಟೆ ಸುತ್ತಿಕೋ. ಆ ಫ್ಲಾಸ್ಕನ್ನು ಐದೂ ಜನ ಬಾಯಿ ಹಚ್ಚಿ ಕುಡಿಯುವುದಿಲ್ಲ ತಾನೇ?

ಇದರ ಕೆಳಗೆ ಒಂದು ಸಾಲು ಬರೆದು ಹೊಡೆದುಹಾಕಿದ್ದೇನೆ. ಬೆಳಕಿಗೆ ಹಿಡಿದು ಓದಲು ನೋಡಬೇಡ.

ನಿನಗೆ ನೆನಪಿರಬಹುದು. ನಿಮ್ಮತ್ತಿಗೆ ಸೊರಗುತ್ತಿದ್ದಾಳೆ, ನನಗೇನೋ ಭಯ ಎಂದು ನಾನು ಹೇಳಿದಾಗ ಎಲ್ಲರೂ ನಕ್ಕಿರಿ. ಅವಳೇ ಎಲ್ಲರಿಗಿಂತ ಹೆಚ್ಚು ನಕ್ಕಳು. "ನಿಮ್ಮಣ್ಣ ಮೋಡ ಕಂಡ್ರೂ ಕೊಡೆ ಹುಡುಕೋರು" ಅಂದಳು. ತಪ್ಪೇನಿಲ್ಲ, ನಾನು ಹೆದರಿದ್ದಕ್ಕೆಲ್ಲ ಲೆಕ್ಕವುಂಟೇ. ಆದರೆ ಅವುಗಳಲ್ಲಿ ಅದೊಂದು ನಿಜವಾಗಿಬಿಟ್ಟಿತು. ಅಂದಿನಿಂದ ದೊಡ್ಡ ಹೆದರಿಕೆಯನ್ನು ನಾನು ಬಾಯಿಬಿಟ್ಟು ಹೇಳುವುದಿಲ್ಲ. ಹೇಳಿದರೆ ಅದಕ್ಕೆ ಮನೆಯ ದಾರಿ ತೋರಿಸಿಕೊಟ್ಟಂತೆ ಅನ್ನಿಸುತ್ತದೆ. ಸಣ್ಣವನ್ನು ಮಾತ್ರ ಹೇಳುತ್ತೇನೆ. ಗ್ಯಾಸು, ಬಸ್ಸು, ಸರಪಳಿ.

ಆ ಅಜ್ಜನ ಮಾತಿಗೆ ನನಗೆ ನಗು ಬರಲಿಲ್ಲ. ನನ್ನನ್ನು ಯಾರಾದರೂ ಹಾಗೆ ಕೇಳಿದರೆ ನಾನೂ ನೋಡೋಣ ಅಂತಲೇ ಹೇಳುತ್ತಿದ್ದೆ. ಇಲ್ಲಿ ನನ್ನವರು ಅಂದರೆ ಅಂಗಡಿಯ ಯಜಮಾನರು. ಅವರಿಗೆ ಮಂಡಿನೋವು, ಅವರನ್ನು ಕರೆದುಕೊಂಡು ಹೋದರೆ ಡಾಕ್ಟರು ಮೊದಲು ಅವರನ್ನೇ ಮಲಗಿಸುತ್ತಾರೆ. ಹಾಗೆ ನೋಡಿದರೆ ನನಗೆ ನೀನು, ನಿನಗೆ ನಾನು. ನಡುವೆ ಒಂದು ಹಗಲು ಒಂದು ರಾತ್ರಿಯ ಬಸ್ಸು.

ಅಲ್ಲಿ ಬೇಸರವಾದರೆ ಬಂದುಬಿಡು. ಮೇಲಿನ ಕೋಣೆ ಹಾಗೇ ಇದೆ. ನಿನಗೆ ಅಲ್ಲಿ ಮಾತಾಡಲು ಯಾರೂ ಇಲ್ಲ ಎಂದು ನನಗೆ ಗೊತ್ತಾಗಿದೆ, ಅದಕ್ಕೇ ನೀನು ಇಷ್ಟುದ್ದ ಬರೆಯುವುದು.

ಅಣ್ಣ


ಮಾರ್ಚ್ 14

ಅಣ್ಣನಿಗೆ,

ಮಾತಾಡಲು ಜನ ಇಲ್ಲದೆ ಏನು, ದಿನಕ್ಕೆ ಅರವತ್ತು ಜನರ ಹತ್ತಿರ ಮಾತಾಡುತ್ತೇನೆ. ಫ್ಲಾಸ್ಕಿಗೆ ಯಾರೂ ಬಾಯಿ ಹಚ್ಚುವುದಿಲ್ಲ. ಗಂಟಲಿನ ಸುದ್ದಿ ಬಿಡು.

ಒಂದು ಸಂತೋಷದ ವಿಷಯ ಹೇಳುತ್ತೇನೆ. ನಾನು ಡಾಕ್ಟರಮ್ಮನ ಹತ್ತಿರ ಹೋಗಿ, ನಿಮ್ಮವರೊಬ್ಬರನ್ನು ಕರೆತನ್ನಿ ಎಂಬ ಸಾಲನ್ನು ತೆಗೆದುಬಿಡಿ ಎಂದೆ. ಅವರು ಬೈಯಲಿಲ್ಲ, ಕೂತ್ಕೋ ಅಂದರು.

"ಮಂಪರು ಕೊಟ್ಟೋರನ್ನ ಒಬ್ಬರನ್ನೇ ಬಸ್ಸು ಹತ್ತಿಸಿ ಕಳಿಸೋಕಾಗುತ್ತಾ? ಹೋದ ವರ್ಷ ಒಬ್ಬರು ಮೆಟ್ಟಿಲಲ್ಲೇ ಬಿದ್ದರು. ಇನ್ನು ಸುದ್ದಿ ಹೇಳುವಾಗ, ಮೊದಲ ಮಾತು ಕೇಳಿದ ಮೇಲೆ ನಾನು ಹೇಳೋದು ಏನೂ ಅವರ ಕಿವಿಗೆ ಬೀಳಲ್ಲ. ಕೇಳಿಸ್ಕೊಳ್ಳೋಕೆ ಇನ್ನೊಂದು ಜೊತೆ ಕಿವಿ ಬೇಕು."

ಅದೂ ಸರಿಯೇ. ಎದ್ದು ಹೊರಟೆ. ಬಾಗಿಲ ಹತ್ತಿರ ಹೋದಾಗ, "ಸಾಲು ಬೇಕು, ಆದ್ರೆ ಜನ ಇಲ್ಲ. ನೀನೇ ಏನಾದ್ರೂ ಯೋಚನೆ ಮಾಡು" ಅಂದರು.

ಯೋಚನೆ ಮಾಡಿದೆ. ಒಬ್ಬರೇ ಇರುವವರು ಒಬ್ಬರಲ್ಲ, ಬೇಕಾದಷ್ಟು ಜನ. ಅಂಥ ಇಬ್ಬರನ್ನು ಒಂದೇ ಬೆಳಗ್ಗೆ ಕರೆದರೆ? ಇವತ್ತು ಅವರಿಗೆ ಪರೀಕ್ಷೆ, ಇವರು ಜೊತೆಗೆ. ನಾಳೆ ಇವರಿಗೆ, ಅವರು ಜೊತೆಗೆ. ಗಡಿಯಾರದ ಅಜ್ಜನಿಗೆ ಫೋನ್ ಮಾಡಿದೆ. ಹೋಟೆಲುಗಳ ಬಟ್ಟೆ ಒಗೆಯುವ ಕಡೆ ಹಾಸಿಗೆಬಟ್ಟೆ ಮಡಿಸುವ ಒಬ್ಬ ಹೆಂಗಸಿಗೂ ಮಾಡಿದೆ. ಆಕೆಗೆ ಎದೆಯಲ್ಲಿ ಗಂಟು. ಇಬ್ಬರೂ ಬಂದರು. ಬೆಂಚಿನ ಎರಡು ತುದಿಗೆ ಕೂತರು, ನಡುವೆ ಬೇಕಾದರೆ ಇನ್ನೊಂದು ಸಂಸಾರ ಕೂರಬಹುದಿತ್ತು. ನನಗೆ ನಾಚಿಕೆಯಾಯಿತು. ಏನು ಕೆಲಸ ಮಾಡಿದೆ ಅನ್ನಿಸಿತು. ಸ್ವಲ್ಪ ಹೊತ್ತಿಗೆ ಅಜ್ಜ ಆಕೆಯ ಕೈ ನೋಡಿ "ನಿಮ್ಮ ಗಡಿಯಾರ ನಿಂತಿದೆಯಲ್ಲ" ಅಂದ. "ನಿಂತು ಎರಡು ವರ್ಷ ಆಯ್ತು, ಕೈ ಬೋಳು ಕಾಣಬಾರದು ಅಂತ ಕಟ್ಟಿರೋದು" ಅಂದಳು. ಅಜ್ಜ ಜೇಬಿನಿಂದ ಸಣ್ಣ ಸಾಮಾನು ತೆಗೆದು ಅಲ್ಲೇ ಬಿಚ್ಚಿದ.

ನರ್ಸು ಬಂದು "ಇವರು ನಿಮಗೇನಾಗ್ಬೇಕು?" ಎಂದು ಕೇಳಿದಾಗ ಆಕೆ "ಇವತ್ತಿನ ಮಟ್ಟಿಗೆ ಅಣ್ಣ" ಅಂದಳು. ಅಜ್ಜ ತಲೆಯೆತ್ತದೆ "ಅಪ್ಪ ಅನ್ನಲಿಲ್ಲವಲ್ಲ, ಪುಣ್ಯ" ಅಂದ.

ಅಜ್ಜನದು ಏನೂ ಅಲ್ಲವೆಂದು ಬಂತು. ಆಕೆಯದು ಹೌದೆಂದೇ ಬಂತು, ಆದರೆ ಸಣ್ಣದು, ಬೇಗ ಸಿಕ್ಕಿದೆ, ತೆಗೆದರೆ ಹೋಗುತ್ತದೆ ಎಂದರು. ಅದನ್ನು ಹೇಳುವಾಗ ಅಜ್ಜ ಪಕ್ಕದಲ್ಲಿ ಕೂತು ಎಲ್ಲವನ್ನೂ ಕೇಳಿಸಿಕೊಂಡು ಆಮೇಲೆ ಬಸ್ಸಿನಲ್ಲಿ ಆಕೆಗೆ ಮತ್ತೆ ಹೇಳಿದನಂತೆ. ಈಗ ವಾರಕ್ಕೆ ನಾಲ್ಕೈದು ಜೋಡಿ ಹಾಕುತ್ತೇನೆ. ಕೋಣೆಯವರು ನನ್ನನ್ನು ಮದುವೆ ದಲ್ಲಾಳಿ ಅನ್ನುತ್ತಾರೆ.

ಹೋಗುವಾಗ ಅಜ್ಜ ನನ್ನನ್ನೇ ಒಂದು ಮಾತು ಕೇಳಿದ. ತಮಾಷೆಯ ಮಾತು, ಬಿಡು.

ಪೀಪಿ


ಮಾರ್ಚ್ 24

ಪೀಪಿಗೆ,

ಬೈಯುವುದಿದ್ದರೆ ಈಗಲೇ ಬೈದುಬಿಡು, ನಿನ್ನೆ ನಾನು ನಿನ್ನ ಆಫೀಸಿಗೆ ಫೋನ್ ಮಾಡಿದೆ. ಆ ಅಜ್ಜ ಕೇಳಿದ ಮಾತು ಯಾವುದು ಎಂದು ಯೋಚಿಸಿ ಯೋಚಿಸಿ ಒಂದು ದೊಡ್ಡ ಕನ್ನಡಿ ಕತ್ತರಿಸುವಾಗ ಗೀರನ್ನು ತಪ್ಪಾಗಿ ಎಳೆದು ಹಾಳುಮಾಡಿದೆ. ಯಜಮಾನರು ಬೈಯದೆ ಇನ್ನೊಂದು ಕನ್ನಡಿ ತಂದುಕೊಟ್ಟರು, ಅದಕ್ಕೇ ಇನ್ನೂ ಕಷ್ಟವಾಯಿತು. ನಿನ್ನ ದನಿ ಒಂದು ಸಲ ಕೇಳಿದರೆ ಕೈ ನೆಟ್ಟಗಾಗುತ್ತದೆ ಎಂದು ಮಾಡಿದೆ.

ಬೇರೆ ಯಾರೋ ಎತ್ತಿದರು. ವಯಸ್ಸಾದವರಿರಬೇಕು. ಗಂಟಲು ಪೂರ್ತಿ ಹೋಗಿದೆ. ಗಾಜಿನ ಮೇಲೆ ವಜ್ರದ ಮೊನೆ ಸರಿಯಾಗಿ ಓಡಿದರೆ ಸಣ್ಣಗೆ ಒಂದೇ ಎಳೆಯಲ್ಲಿ ಹಾಡಿದ ಹಾಗೆ ಕೇಳುತ್ತದೆ. ಮೊನೆ ಮೊಂಡಾಗಿದ್ದರೆ ಕರಕರ ಅನ್ನುತ್ತದೆ. ಅಂಥ ಕರಕರ. ನನಗೆ ಹೆದರಿಕೆಯಾಗಿ "ನನ್ನ ತಂಗಿ ಇದಾಳಾ?" ಅಂದೆ.

"ಅವರು ಇವತ್ತು ರಜೆ" ಅಂದರು.

"ಹುಷಾರಿದಾಳಾ?"

"ಚೆನ್ನಾಗಿದಾರೆ. ನೀವು ಚಿಂತೆ ಮಾಡ್ಬೇಡಿ, ಆಯ್ತಾ, ಆಯ್ತಾ" ಎಂದು ಇಟ್ಟುಬಿಟ್ಟರು.

ಒಳ್ಳೆಯ ಹೆಂಗಸು. ಆದರೆ ಅವರ ಗಂಟಲು ನನ್ನ ಕಿವಿಯಿಂದ ಹೋಗುತ್ತಿಲ್ಲ. ದಿನವೂ ಊರಿಗೆಲ್ಲ ಗಂಟಲು ತೋರಿಸಿಕೊಳ್ಳಿ ಎಂದು ಹೇಳುವ ಕೋಣೆಯಲ್ಲಿ ಕೂತಿದ್ದಾರೆ, ಅವರಿಗೆ ಹೇಳುವವರು ಒಬ್ಬರೂ ಇಲ್ಲವಾ? ನೀವೆಲ್ಲ ಚಹಾ ಕೊಡಿಸಿ ನಗುವುದಷ್ಟೇನಾ? ನೀನಾದರೂ ಹೇಳಬಾರದಾ? ಪಾಪ, ಅವರಿಗೆ ಅಂತ ಯಾರಾದರೂ ಇದ್ದಾರೋ ಇಲ್ಲವೋ. ಇಲ್ಲದಿದ್ದರೆ ನೀನೇ ಜೊತೆಗೆ ಹೋಗು.

ನೀನು ಯಾಕೆ ರಜೆ ಹಾಕಿದ್ದು? ರಜೆಯ ವಿಷಯ ಬರೆಯಲಿಲ್ಲವಲ್ಲ. ಕೂಡಲೇ ಬರೆ.

ಅಣ್ಣ


ಏಪ್ರಿಲ್ 8

ಅಣ್ಣನಿಗೆ,

ತಡವಾಯಿತು, ಕೆಲಸ. ರಜೆ ಹಾಕಿದ್ದು ಕೋಣೆಗೆ ಸುಣ್ಣ ಹೊಡೆಸಲು, ಬೇರೆ ಏನೂ ಇಲ್ಲ.

ನಿನ್ನ ಕಾಗದ ಬಂದ ಮೇಲೆ ಆ ಹೆಂಗಸಿಗೆ ಹೇಳಿದೆ. ಎಷ್ಟೋ ದಿನದಿಂದ ಬೇರೆಯವರೂ ಹೇಳುತ್ತಿದ್ದರು, ಅವಳು ಕೇಳಿರಲಿಲ್ಲ. ಕೆಲಸದ ಗಂಟಲು, ಎಲ್ಲರದೂ ಹೀಗೇ ಅನ್ನುತ್ತಿದ್ದಳು. ಮೂರು ವಾರ ಎಂದು ದಿನಕ್ಕೆ ಅರವತ್ತು ಸಲ ಓದಿದರೆ ಅದು ಮಾತಾಗಿ ಉಳಿಯುವುದಿಲ್ಲ ಅಣ್ಣಾ, ಉಸಿರಾಡಿದಂತೆ ಬರೀ ಸದ್ದಾಗಿಬಿಡುತ್ತದೆ. ಈ ಸಲ ಹೋದಳು. ಯಾರೋ ಗುರುತಿಲ್ಲದವನಿಗೆ ತನ್ನ ದನಿ ಅಷ್ಟು ಕೆಟ್ಟದಾಗಿ ಕೇಳಿತೆಂದು ಗೊತ್ತಾದ ಮೇಲೆ ಹೋದಳು.

ಡಾಕ್ಟರಮ್ಮ ಕನ್ನಡಿ ಹಾಕಿ ನೋಡಿದರು. ಸಣ್ಣದೇನೋ ಕಾಣುತ್ತಿದೆ, ಮಂಪರು ಕೊಟ್ಟು ಚೂರು ತೆಗೆದು ಪರೀಕ್ಷೆಗೆ ಕಳಿಸಬೇಕು, ಹದಿನೇಳನೇ ತಾರೀಖು ಬಾ ಅಂದಿದ್ದಾರೆ. ಅದೇ ಸಾಲನ್ನೂ ಹೇಳಿದ್ದಾರೆ, ಬರುವಾಗ ನಿಮ್ಮವರೊಬ್ಬರನ್ನು ಕರೆತನ್ನಿ. ಅವಳು ಸುಮ್ಮನಾದಳು. ನೋಡೋಣ ಅಂದಳು.

ಜೋಡಿ ಹಾಕೋಣವೆಂದರೆ ಆ ದಿನ ಬೇರೆ ಯಾರೂ ಒಂಟಿ ಇಲ್ಲ. ಅವಳಿಗೆ ಒಬ್ಬ ಅಣ್ಣ ಇದ್ದಾನೆ, ದೂರದ ಊರಿನಲ್ಲಿ. ಹೇಳು ಎಂದರೆ, ಬೇಡ, ಅವನು ಒಂದು ಸಲ ಆ ಬೆಂಚಿನ ಮೇಲೆ ಕೂತು ಎದ್ದವನು, ಇನ್ನೊಂದು ಸಲ ಕೂರಿಸಲಾರೆ ಅನ್ನುತ್ತಾಳೆ. ಹೆದರುವ ಜಾತಿಯವನಂತೆ.

ನಿನ್ನ ಕೈ ಹೇಗಿದೆ? ಗಾಜು ಹಿಡಿಯುವಾಗ ಜೋಪಾನ.

ಪೀಪಿ


ಏಪ್ರಿಲ್ 13

ಪೀಪಿಗೆ,

ಕಾಗದ ಈಗ ಬಂತು. ಸುಣ್ಣ ಹೊಡೆಸಿದರೆ ನಾಲ್ಕು ದಿನ ಕಿಟಕಿ ತೆರೆದಿಟ್ಟು ಮಲಗು, ಆ ವಾಸನೆ ಎದೆಗೆ ಒಳ್ಳೆಯದಲ್ಲ. ಆದರೆ ಸರಪಳಿ ಹಾಕು.

ಆ ಹೆಂಗಸು ತೋರಿಸಿಕೊಂಡದ್ದು ಒಳ್ಳೆಯದಾಯಿತು. ಅಣ್ಣನಿಗೆ ಹೇಳದಿರುವುದು ಮಾತ್ರ ಸರಿಯಲ್ಲ ಎಂದು ಅವರಿಗೆ ಹೇಳು. ಹೆದರುವವನು ಹೇಳಿದರೂ ಹೆದರುತ್ತಾನೆ, ಹೇಳದಿದ್ದರೂ ಹೆದರುತ್ತಾನೆ. ಹೇಳದಿದ್ದರೆ ಎಲ್ಲದಕ್ಕೂ ಹೆದರಬೇಕಾಗುತ್ತದೆ, ಹೇಳಿದರೆ ಒಂದಕ್ಕೆ ಹೆದರಿದರೆ ಸಾಕು. ಅಷ್ಟು ಕೆಲಸ ಕಡಿಮೆ. ನಾನು ಹೇಳಿದೆ ಎಂದು

ಇಲ್ಲಿಗೆ ನಿಲ್ಲಿಸಿ ಕೆಳಗೆ ಹೋಗಿದ್ದೆ. ಯಾರದೋ ಬಾಗಿಲಿಗೆ ಗಾಜು ಬೇಕಿತ್ತು. ಗೀರು ಎಳೆದೆ, ಚೆನ್ನಾಗಿ ಬಂತು, ಒಂದೇ ಎಳೆ. ಎರಡನೆಯದನ್ನು ಎಳೆಯುತ್ತಿದ್ದಾಗ ಕೈ ನಿಂತಿತು.

ನಾನು ಫೋನಿನಲ್ಲಿ ನನ್ನ ತಂಗಿ ಇದಾಳಾ ಎಂದಷ್ಟೇ ಕೇಳಿದ್ದು. ಯಾರ ಅಣ್ಣ, ಯಾವ ತಂಗಿ ಎಂದು ಆಕೆ ಕೇಳಲೇ ಇಲ್ಲ.

ಚಿಂತೆ ಮಾಡ್ಬೇಡಿ, ಆಯ್ತಾ, ಆಯ್ತಾ ಅಂದರು. ಅದನ್ನು ನಾನೇ ನಿನಗೆ ಬರೆದೆ. ನನ್ನ ಕೈಯಿಂದಲೇ ಬರೆದು, ಲಕೋಟೆಗೆ ಹಾಕಿ, ಅಂಚೆಗೆ ಹಾಕಿದೆ. ಬೀದಿಯ ಕೊನೆಗೆ ಕೇಳುತ್ತಿದ್ದ ದನಿ ನನ್ನ ಕಿವಿಯೊಳಗೇ ಇತ್ತು, ನಾನು ಗುರುತು ಹಿಡಿಯಲಿಲ್ಲ. ಒಳ್ಳೆಯ ಹೆಂಗಸು ಎಂದು ಬರೆದೆ.

ಮೊದಲ ಕಾಗದದ ದಿನವೇ ನನಗೆ ಒಳಗೊಳಗೆ ಗೊತ್ತಿತ್ತು, ಪೀಪಿ. ಹೊಡೆದುಹಾಕಿದ ಸಾಲು ಅದೇ. ನಿನ್ನ ದನಿಗೆ ಏನಾಗಿದೆ ಎಂದು ಬರೆದಿದ್ದೆ.

ಈ ಕಾಗದವನ್ನು ಅಂಚೆಗೆ ಹಾಕುವುದಿಲ್ಲ. ಅದು ನನಗಿಂತ ನಿಧಾನ. ಯಜಮಾನರಿಗೆ ಹೇಳಿದ್ದೇನೆ, ಅವರು ಮಂಡಿ ಹಿಡಿದುಕೊಂಡೇ ಎದ್ದು "ಅಂಗಡಿ ಇಲ್ಲೇ ಇರುತ್ತೆ, ನೀನು ಹೋಗಪ್ಪ" ಅಂದರು. ನಾಳೆಯ ಬಸ್ಸಿಗೆ ಹೊರಡುತ್ತೇನೆ. ಜೇಬಿನಲ್ಲಿಟ್ಟುಕೊಂಡು ಬಂದು ಬಾಗಿಲಲ್ಲಿ ಕೊಡುತ್ತೇನೆ. ಸರಪಳಿ ಹಾಕಿದ್ದರೆ ಸಂದಿಯಿಂದ.

ಅಣ್ಣ


ಏಪ್ರಿಲ್ 18

ಅಣ್ಣಾ,

ನೀನು ಎದುರಿಗೇ ಕೂತು ಒಂದಾದ ಮೇಲೊಂದು ಕೇಳುತ್ತಿದ್ದೀಯ, ನಾನು ಬಾಯಿ ಬಿಡುವಂತಿಲ್ಲ. ಚೀಟಿಯಲ್ಲಿ ಹೌದು, ಇಲ್ಲ ಎಂದು ಬರೆದು ಸಾಕಾಯಿತು. ಆದ್ದರಿಂದ ಸರಿಯಾಗಿ ಒಂದು ಕಾಗದವನ್ನೇ ಬರೆಯುತ್ತೇನೆ. ನಾನು ಮುಗಿಸುವವರೆಗೆ ನೀನು ಕಿಟಕಿಯಾಚೆ ನೋಡುತ್ತಿರು.

ನೋವಿಲ್ಲ. ನುಂಗುವಾಗ ಮಾತ್ರ. ಗ್ಯಾಸ್ ಆರಿಸಿದ್ದೀಯ, ನಾನು ನೋಡಿದೆ. ಹೌದು, ಮತ್ತೆ ಮತ್ತೆ ನೋಡಬೇಕಾಗಿಲ್ಲ.

ಸುಣ್ಣ ಹೊಡೆಸಿಲ್ಲವೆಂದು ಗೋಡೆ ನೋಡಿಯೇ ನಿನಗೆ ಗೊತ್ತಾಗಿರಬೇಕು.

ಅಜ್ಜ ಅವತ್ತು ಕೇಳಿದ್ದು ಇದು. "ನಮ್ಮನ್ನೆಲ್ಲ ಕರೀತೀಯಲ್ಲಮ್ಮ, ನಿನ್ನ ಗಂಟಲನ್ನ ಯಾರು ಕರೆದ್ರು?" ನಾನು ನಕ್ಕು ಒಳಗೆ ಹೋದೆ. ನಿನ್ನೆ ಅವನು ತಾನಾಗಿಯೇ ಬಂದು ನಿನ್ನ ಪಕ್ಕ ಕೂತಿದ್ದನಲ್ಲ, ಯಾರೂ ಅವನನ್ನು ಕರೆದಿರಲಿಲ್ಲ. ನರ್ಸು ನಿನ್ನ ಹತ್ತಿರ ಬಂದು ಏನಾಗ್ಬೇಕು ಎಂದು ಕೇಳಿದಾಗ ನೀನು ಎದ್ದು ನಿಂತು "ಅಣ್ಣ" ಎಂದೆಯಂತೆ, ಶಾಲೆಯಲ್ಲಿ ಹಾಜರಿ ಹೇಳುವವರ ಹಾಗೆ.

ಮಂಪರು ಇಳಿಯುವಾಗ ನಾನು ಅತ್ತಿಗೆಯನ್ನು ಕರೆದೆನಂತೆ. ನೀನು ಕೇಳಿಸಿಕೊಂಡೆಯಾ? ಕೇಳಿಸಿಕೊಂಡಿದ್ದರೂ ಇಲ್ಲ ಎಂದು ತಲೆಯಾಡಿಸು.

ಈಗ ತಿರುಗು.

ಪೀಪಿ


ಮೇ 11

ಪೀಪಿಗೆ,

ಊರಿಗೆ ಬಂದು ಮುಟ್ಟಿದೆ ಎಂದು ಆವತ್ತೇ ಬರೆದಿದ್ದೆ, ತಲುಪಿರಬೇಕು. ಪರೀಕ್ಷೆಯ ಫಲ ಬಂದ ದಿನ ಡಾಕ್ಟರಮ್ಮ ಹೇಳಿದ್ದನ್ನು ದಾರಿಯುದ್ದಕ್ಕೂ ಹೇಳಿಕೊಂಡು ಬಂದೆ, ಒಂದು ಮಾತೂ ಬೀಳದ ಹಾಗೆ. "ಹೌದು, ಅದೇ. ಆದ್ರೆ ಸಣ್ಣದು, ಬೇಗ ಬಂದಿದಾಳೆ. ಆರು ವಾರ ಕಿರಣ ಚಿಕಿತ್ಸೆ ಕೊಡ್ತೀವಿ. ದನಿ ಪೂರ್ತಿ ವಾಪಸ್ ಬರುತ್ತೆ ಅಂತ ಮಾತು ಕೊಡಲ್ಲ, ಆದ್ರೆ ಆಳು ಉಳಿದು ಬರ್ತಾಳೆ." ನೀನು ಮೊದಲ ಮಾತಿಗೇ ಗೋಡೆ ನೋಡುತ್ತ ಕೂತುಬಿಟ್ಟೆ. ಮಿಕ್ಕದ್ದನ್ನು ಕೇಳಿಸಿಕೊಂಡವನು ನಾನು. ಅದಕ್ಕೇ ಮತ್ತೆ ಬರೆಯುತ್ತಿದ್ದೇನೆ. ಮರೆತಾಗಲೆಲ್ಲ ತೆಗೆದು ಓದಿಕೋ. ಆಳು ಬರ್ತಾಳೆ ಅಂದರು.

ಚಿಕಿತ್ಸೆಗೆ ಒಂದು ದಿನ ಅಜ್ಜ, ಒಂದು ದಿನ ಆ ಬಟ್ಟೆ ಮಡಿಸುವ ತಾಯಿ ಜೊತೆಗೆ ಬರುತ್ತಾರೆಂದು ಬರೆದಿದ್ದೀಯ. ಸಂತೋಷ. ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು. ಗೋಡೆಯ ಮೇಲಿನ ಸಾಲನ್ನು ಬದಲಾಯಿಸಿದ್ದಾರೆಂದೂ ಬರೆದಿದ್ದೀಯ, ಬರುವಾಗ ನಿಮ್ಮವರೊಬ್ಬರನ್ನು ಕರೆತನ್ನಿ, ಯಾರೂ ಇಲ್ಲದಿದ್ದರೆ ಹೇಳಿ, ಇಲ್ಲಿ ಒಬ್ಬರು ಇರುತ್ತಾರೆ. ಓದಿದೆ. ಇಲ್ಲಿ ಮೇಲಿನ ಕೋಣೆಯಲ್ಲಿ ಕೂತು ಅದನ್ನು ಜೋರಾಗಿ ಓದಿದೆ.

ನಿನ್ನೆ ಭಾನುವಾರ. ನೀನು ಹೇಳಿದ್ದಂತೆ ಫೋನ್ ಬಡಿಯಿತು. ನೀನು ಮಾತಾಡುವಂತಿಲ್ಲ, ಉಗುರಿನಿಂದ ತಟ್ಟುತ್ತೀಯ, ಒಂದು ತಟ್ಟಿದರೆ ಹೌದು, ಎರಡು ತಟ್ಟಿದರೆ ಇಲ್ಲ ಎಂದು ಮಾತಾಗಿತ್ತಲ್ಲ. ನಾನೊಬ್ಬನೇ ಇಷ್ಟು ಹೊತ್ತು ಮಾತಾಡಿದ್ದು ಜನ್ಮದಲ್ಲಿ ಇಲ್ಲ. ಯಜಮಾನರ ಮಂಡಿ, ಪಕ್ಕದ ಮನೆಯ ಮಗುವಿಗೆ ಹಲ್ಲು ಬಂದದ್ದು, ಬಾಗಿಲ ಗಾಜು ಎಲ್ಲ ಹೇಳಿದೆ. ಊಟ ಸೇರುತ್ತಾ ಅಂದೆ. ಒಂದು ತಟ್ಟಿದೆ, ಸುಳ್ಳಿನ ತಟ್ಟು, ನಿಧಾನ ಬಂತು. ಗ್ಯಾಸ್ ಆರಿಸಿದೀಯಾ ಅಂದೆ. ಒಂದು. ಸರಪಳಿ? ಒಂದು. ನಿನಗೆ ಹೆದರಿಕೆ ಆಗ್ತಿದೆಯಾ ಅಂದೆ. ಕೇಳಬಾರದಿತ್ತೋ ಏನೋ, ಆದರೆ ಈಗ ದೊಡ್ಡದನ್ನೂ ಬಾಯಿಬಿಟ್ಟು ಕೇಳುವುದೆಂದು ತೀರ್ಮಾನಿಸಿದ್ದೇನೆ. ನೀನು ತಟ್ಟಲೇ ಇಲ್ಲ. ಉಸಿರು ಕೇಳುತ್ತಿತ್ತು. ನನಗೂ ಆಗ್ತಿದೆ ಅಂದೆ. ಆಮೇಲೆ ಇಬ್ಬರೂ ಫೋನ್ ಹಿಡಿದುಕೊಂಡು ಹಾಗೇ ಕೂತಿದ್ದೆವು.

ಇಡುವ ಹೊತ್ತಿಗೆ ನೀನು ಎರಡು ಸಲ ತಟ್ಟಿದೆ. ಇಲ್ಲ ಅಂತಾಳಲ್ಲ, ಯಾವುದಕ್ಕೆ ಇಲ್ಲ ಎಂದು ಫೋನನ್ನು ಕಿವಿಗೆ ಒತ್ತಿ ಹಿಡಿದೆ. ಅಷ್ಟರಲ್ಲಿ ಸ್ವಲ್ಪ ತಡೆದು ಮತ್ತೆ ಎರಡು ಸಲ ತಟ್ಟಿ ಇಟ್ಟುಬಿಟ್ಟೆ.

ಫೋನ್ ಇನ್ನೂ ಕೈಯಲ್ಲೇ ಇತ್ತು. ಟಕ್ ಟಕ್. ಟಕ್ ಟಕ್.

ಆಯ್ತಾ, ಆಯ್ತಾ.

ಈ ಸಲ ಗುರುತು ಹಿಡಿದೆ, ಪೀಪಿ. ಆಯ್ತು.

ಅಣ್ಣ